ನಡುವಿನ ದಾರಿ ಬಿಟ್ಟವನು

ಅವನು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು, ಒಂದು ಫೋಟೋ ದೊಡ್ಡದು ಮಾಡಿಕೊಡಿ ಎಂಬ ಕೋರಿಕೆಯ ಜೊತೆಗೆ. ಮುದ್ದೇಬಿಹಾಳದ ಹೈಸ್ಕೂಲಿನ ಇಬ್ಬರು ಮಾಸ್ತರರು ಬಸವನ ಬಾಗೇವಾಡಿಯ ನನ್ನ ಸ್ಟುಡಿಯೋಕ್ಕೆ ಬಂದು, ಲಕೋಟೆಯಿಂದ ಒಂದು ಪಾಸ್‌ಪೋರ್ಟ್ ಅಳತೆಯ ಚಿತ್ರ ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಬೆನ್ನಿಗೆ ನನ್ನ ಅಂಗಡಿಯದೇ ಮುದ್ರೆ ಇತ್ತು. ಎಷ್ಟು ದೊಡ್ಡದು ಬೇಕು ಎಂದು ಕೇಳಿದೆ. ಹಾರ ಹಾಕುವಷ್ಟು ಎಂದರು. ಆಮೇಲೆ ನಾನು ಚಿತ್ರವನ್ನು ತಿರುಗಿಸಿ ನೋಡಿದೆ.

ಕಾಮಾಲೆಯಂತೆ. ಎಂಟು ದಿನ ಮಲಗಿದ್ದನಂತೆ. ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಅವರನ್ನು ಬೆಂಚಿನ ಮೇಲೆ ಕೂಡಿಸಿ, ಚಹಾ ಹೇಳಿ, ನೆಗೆಟಿವ್ ಹುಡುಕಿಕೊಂಡು ಕತ್ತಲೆ ಕೋಣೆಗೆ ಹೋದೆ. ಔಷಧದ ತಟ್ಟೆಯಲ್ಲಿ ಮೊದಲು ಅವನ ಹುಬ್ಬು, ಆಮೇಲೆ ಕಣ್ಣು, ಆಮೇಲೆ ಮುಖದ ಉಳಿದ ಭಾಗ ಮೂಡಿತು. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ದುಃಖವಲ್ಲ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ನಡೆದದ್ದು ನಡೆದ ಹಾಗೆಯೇ ಇರಲಿ. ಈ ಫೋಟೋ ಅಷ್ಟೇನೂ ಚೆನ್ನಾಗಿ ಬಂದಿಲ್ಲ ಎಂಬ ಸಮಾಧಾನ ಮೊದಲು ಬಂತು. ಕ್ಯಾಮರಾದ ಮುಂದೆ ಕೂತಾಗ ಅವನು ಕಟ್ಟಿಗೆಯಾಗಿದ್ದ. ಸತ್ತವನ ಮೇಲೂ ಹೊಟ್ಟೆಕಿಚ್ಚು ಉಳಿದಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಅಲ್ಲಿ, ಆ ಕೆಂಪು ದೀಪದ ಕೆಳಗೆ. ಕಾಗದವನ್ನು ನೀರಿಗೆ ಹಾಕಿ ಜಾಲಿಸಿದೆ.

ಅವನ ಪರಿಚಯವಾದದ್ದು ಸಿಂದಗಿಯಲ್ಲಿ ಕಾಲೇಜು ಓದುವಾಗ. ನಮ್ಮದು ಬಾಗೇವಾಡಿಯಲ್ಲಿ ಹತ್ತಿ, ಸೇಂಗಾ ವ್ಯಾಪಾರದ ಮನೆ. ಅವನದು ತಾಂಬಾದಿಂದ ಮೂರು ಮೈಲಿ ಒಳಗಿನ ಹಳ್ಳಿ. ಕುರಿ ಕಾಯುವ ಮನೆತನ. ಕ್ಲಾಸಿಗೆ ಮೊದಲನೆಯ ದಿನ ಅವನು ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದ. ಹಿಂದಿನ ಬೆಂಚಿನವರು ಬ್ಯಾ ಎಂದು ಕುರಿಯ ಹಾಗೆ ಕೂಗಿದರು. ಅವನು ತಿರುಗಿ ನೋಡಿ, ಇದು ಹಸಿದ ಕುರಿಯ ಕೂಗಲ್ಲ, ದಾರಿ ತಪ್ಪಿದ ಕುರಿಯದು ಎಂದು ಬಹಳ ಗಂಭೀರವಾಗಿ ತಿದ್ದಿದ. ಇಡೀ ಕ್ಲಾಸು ನಕ್ಕಿತು. ಕೂಗಿದವರಲ್ಲಿ ನಾನೂ ಒಬ್ಬ.

ನನ್ನನ್ನು ಅವನು ‘ಸಾವ್ಕಾರ್ರ’ ಎಂದು ಕರೆಯುತ್ತಿದ್ದ. ಬನ್ನಿ, ಹೋಗಿ ಎಂದೇ ಮಾತು. ಒಂದೇ ಬೆಂಚಿನಲ್ಲಿ ಕೂತು ಒಂದೇ ಪುಸ್ತಕ ಓದುವಾಗಲೂ ಅವನು ಆ ಬಹುವಚನ ಬಿಡಲಿಲ್ಲ, ನಾನು ಬಿಡು ಎನ್ನಲಿಲ್ಲ. ಒಮ್ಮೆ ಅವನನ್ನು ಬಾಗೇವಾಡಿಗೆ ಕರೆದುಕೊಂಡು ಹೋಗಿದ್ದೆ. ನಮ್ಮವ್ವ, ತಾನು ಬಡಿಸಿದ ರೊಟ್ಟಿಯನ್ನು ಅವನು ಮುರಿಯುವ ರೀತಿ ನೋಡಿ, ತಿನ್ನುವವರು ಹೀಗೆ ತಿನ್ನಬೇಕು, ಒಂದು ಚೂರೂ ತಾಟಿನ ಹೊರಗೆ ಬಿದ್ದಿಲ್ಲ, ಆ ಹುಡುಗನನ್ನು ನೋಡಿ ಕಲಿ ಎಂದು ನನಗೆ ಹೇಳಿದಳು. ರೊಟ್ಟಿ ತಿನ್ನುವುದರಲ್ಲೂ ಒಬ್ಬನ ಮೇಲೆ ಹೊಟ್ಟೆಕಿಚ್ಚು ಪಡಬಹುದು ಎಂದು ಅಲ್ಲಿಯವರೆಗೆ ನಾನು ಅಂದುಕೊಂಡಿರಲಿಲ್ಲ.

ನನ್ನ ಹತ್ತಿರ ಒಂದು ಕ್ಯಾಮರಾ ಇತ್ತು. ಮುಂಬೈಯ ಸೋದರಮಾವ ಕೊಟ್ಟದ್ದು. ಗಡಿಯಾರದ ಹಾಗೆ ಕೀಲಿ ಕೊಟ್ಟರೆ ಓಡುವ, ಕಿರುಬೆರಳಿಗಿಂತ ಸಣ್ಣ ಪಟ್ಟಿಯ ಮೇಲೆ ಸಿನಿಮಾ ತೆಗೆಯುವ ಯಂತ್ರ. ಇಡೀ ಕಾಲೇಜಿನಲ್ಲಿ, ನನಗೆ ತಿಳಿದ ಮಟ್ಟಿಗೆ ಇಡೀ ಸಿಂದಗಿಯಲ್ಲಿ, ಅಂಥದ್ದು ಇನ್ನೊಂದಿರಲಿಲ್ಲ. ಕೊನೆಯ ವರ್ಷ ನಮ್ಮ ಸಸ್ಯಶಾಸ್ತ್ರದ ಸರ್, ವಿಜಾಪುರದಲ್ಲಿ ನಡೆಯುವ ಕಾಲೇಜು ಹುಡುಗರ ಪ್ರದರ್ಶನಕ್ಕೆ ಮಾದರಿ, ಚಾರ್ಟು ಎಂದು ಎಲ್ಲರೂ ಒಯ್ಯುತ್ತಾರೆ, ನಾವು ಒಂದು ಸಿನಿಮಾ ಒಯ್ಯೋಣ ಎಂದರು. ಕುರಿಯ ಮೈಯಿಂದ ಕಂಬಳಿಯವರೆಗೆ, ಅದೇ ವಿಷಯ. ಕ್ಯಾಮರಾ ನನ್ನದು, ಕುರಿ ಅವನವು.

ಮೂರು ರೀಲು ತೆಗೆದೆವು. ತೆಗೆದೆವು ಎಂದೆ, ತೆಗೆದವನು ನಾನೇ. ಕ್ಯಾಮರಾವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಅವನು ಕುರಿ ತಿರುಗಿಸುತ್ತಿದ್ದ, ಜನರನ್ನು ಒಪ್ಪಿಸುತ್ತಿದ್ದ, ಬಿಸಿಲಿಗೆ ಕಂಬಳಿ ಹಿಡಿಯುತ್ತಿದ್ದ. ಉಣ್ಣೆ ಕತ್ತರಿಸುವುದು, ಹಿಂಜುವುದು, ಅವನ ತಾಯಿ ನೂಲುವುದು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಬಳಿಯುವುದು, ಹನ್ನೆರಡು ಮೈಲಿ ಆಚೆಯ ಊರಿನಲ್ಲಿ ಮಗ್ಗ, ಕೊನೆಗೆ ಸಿಂದಗಿಯ ಸಂತೆ. ಎಲ್ಲವನ್ನೂ ಬರೆದಿಟ್ಟುಕೊಂಡು ಒಂದಾದ ಮೇಲೊಂದು ತೆಗೆದೆ.

ಒಂದೇ ಒಂದು ಸಲ ಕ್ಯಾಮರಾ ಅವನ ಕೈಗೆ ಹೋಯಿತು. ಅವನ ಹಳ್ಳಿಯ ಅಡವಿಯಲ್ಲಿ, ಸಂಜೆ, ನನ್ನ ಕಾಲಿಗೆ ಜಾಲಿಮುಳ್ಳು ಮುರಿದಿತ್ತು. ಬಂಡೆಯ ಮೇಲೆ ಕೂತು ಕೀಳುತ್ತಿದ್ದೆ. ಕೀಲಿ ಓಡುವ ಸದ್ದು ಕೇಳಿ ತಲೆ ಎತ್ತಿದರೆ, ಅವನು ಸೂರ್ಯನಿಗೆ ಬೆನ್ನು ಮಾಡಿ ನಿಂತು ಅವರಪ್ಪನನ್ನು ತೆಗೆಯುತ್ತಿದ್ದಾನೆ. ಅವನ ನೆರಳು ಅಷ್ಟುದ್ದ ನೆಲದ ಮೇಲೆ ಮುಂದಕ್ಕೆ ಬಿದ್ದಿದೆ. ಫಿಲ್ಮು ದಂಡವಾಯಿತು ಎಂದು ಕೂಗಾಡಿದೆ. ಬೆನ್ನಿಗೆ ಬಿಸಿಲಿದ್ದರೆ ನೆರಳು ಚಿತ್ರದಲ್ಲಿ ಬೀಳುತ್ತದೆ ಎಂಬಷ್ಟೂ ಗೊತ್ತಿಲ್ಲವೇ ಎಂದೆ.

“ಗೊತ್ತೈತ್ರಿ,” ಎಂದ. “ಅಪ್ಪ ತಿರುಗಾಕ ಹೊಂಟಿದ್ದ. ನೆರಳು ಸರಿಸ್ಕೋತ ಕುಂತ್ರ ತಿರುಗಿಬಿಡತಿದ್ದ.”

ಫಿಲ್ಮು ಮುಂಬೈಗೆ ಹೋಗಿ ತೊಳೆದು ಬರಲು ಒಂದೂವರೆ ತಿಂಗಳು ಹಿಡಿಯಿತು. ಜೊತೆಗೆ ಮಾವ ಪಟ್ಟಿ ಕತ್ತರಿಸಿ ಅಂಟಿಸುವ ಪುಟ್ಟ ಯಂತ್ರವನ್ನೂ, ಮೂಗಿಗೆ ಅಡರುವ ವಾಸನೆಯ ಒಂದು ಸೀಸೆ ಅಂಟನ್ನೂ ಕಳಿಸಿದ್ದರು. ಒಂದು ಮಾತು ಇಲ್ಲಿ ಹೇಳಬೇಕು. ಈ ಸಣ್ಣ ಫಿಲ್ಮಿಗೆ ನೆಗೆಟಿವ್ ಇರುವುದಿಲ್ಲ. ಕ್ಯಾಮರಾದಲ್ಲಿ ಓಡಿದ ಪಟ್ಟಿಯೇ ತೊಳೆದು ತೆರೆಯ ಮೇಲೆ ಬೀಳುತ್ತದೆ. ಕತ್ತರಿಸಿ ಬಿಸಾಕಿದರೆ ಅದು ಹೋಯಿತು, ಇನ್ನೊಂದಿಲ್ಲ.

ನಾನು ತೆಗೆದ ಕ್ರಮದಲ್ಲೇ ಮೂರೂ ರೀಲು ಅಂಟಿಸಿ ಸರ್‌ಗೆ ತೋರಿಸಿದೆ. ಅವರು ಕೊನೆಯವರೆಗೆ ನೋಡಿ, ಎಲ್ಲಾ ಇದೆ, ಆದರೆ ಏನೋ ಇಲ್ಲ ಎಂದರು. ಅವನನ್ನು ಕೇಳಿದರು. ಅವನು ತಲೆ ಕೆರೆದುಕೊಂಡು, ಕುರಿ ಎಲ್ಲಾ ಬಂದಾವ್ರಿ ಸರ್, ಮಂದಿ ಆಗಿಲ್ಲ ಎಂದ. ನಮ್ಮ ಕಡೆ ಕುರಿಯ ಹಿಂಡಿಗೆ ಮಂದಿ ಎನ್ನುತ್ತಾರೆ. ಸರ್ ನಕ್ಕು, ಹಾಗಾದರೆ ನೀನೇ ಮಂದಿ ಮಾಡು ಎಂದು ಸಸ್ಯಶಾಸ್ತ್ರದ ಸಾಮಾನಿನ ಕೋಣೆಯ ಕೀಲಿಕೈಯನ್ನು ಅವನ ಕೈಗೆ ಕೊಟ್ಟರು. ನನ್ನ ಫಿಲ್ಮು, ನನ್ನ ಯಂತ್ರ; ಕೀಲಿಕೈ ಅವನಿಗೆ.

ಮುಂದಿನ ಮೂರು ವಾರ ಕ್ಲಾಸು ಮುಗಿದ ಮೇಲೆ ಆ ಕೋಣೆಯಲ್ಲಿ ಅವನನ್ನು ನೋಡುತ್ತ ಕೂತೆ. ನೋಡುವುದೇ ನನ್ನ ಕೆಲಸವಾಯಿತು. ಆದ್ದರಿಂದ ಅದನ್ನು ಸರಿಯಾಗಿ ಹೇಳಬಲ್ಲೆ.

ಮೊದಲು ಅವನು ನನ್ನ ರೀಲುಗಳನ್ನು ತುಂಡು ತುಂಡು ಮಾಡಿದ. ಗೋಡೆಯಿಂದ ಗೋಡೆಗೆ ಒಂದು ದಾರ ಕಟ್ಟಿ, ಪ್ರತಿ ತುಂಡಿನ ಅಂಚಿನ ತೂತಿಗೆ ಒಂದೊಂದು ಜಾಲಿಮುಳ್ಳು ಚುಚ್ಚಿ ದಾರಕ್ಕೆ ಸಿಗಿಸಿದ. ಸಂಡಿಗೆ ಒಣಹಾಕಿದ ಹಾಗೆ ಅರವತ್ತೋ ಎಪ್ಪತ್ತೋ ತುಂಡು ತೂಗುತ್ತಿದ್ದವು. ಯಾವುದಕ್ಕೂ ಚೀಟಿ ಇಲ್ಲ, ನಂಬರು ಇಲ್ಲ. ಹೇಗೆ ಗುರುತು ಹಿಡಿಯುತ್ತೀಯ ಎಂದರೆ, ಇನ್ನೂರು ಕುರಿಗೆ ನಮ್ಮಪ್ಪ ಎಂದಾದರೂ ಚೀಟಿ ಕಟ್ಟಿದ್ದಾನೆಯೇ ಎಂದ. ಒಂದೊಂದನ್ನೇ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಭೂತಗಾಜಿನಲ್ಲಿ ನೋಡುತ್ತಿದ್ದ. ಸಾಸಿವೆಗಿಂತ ತುಸು ದೊಡ್ಡ ಚಿತ್ರಗಳು. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದನೋ, ಆ ಚಿತ್ರದೊಳಗಿನವರ ಜೊತೆ ಮಾತಾಡುತ್ತಿದ್ದನೋ ಹೇಳಲಾರೆ.

ಎಲ್ಲಿ ಕತ್ತರಿಸಬೇಕು ಎಂಬುದನ್ನು ಅವನು ಹೇಗೆ ತಿಳಿಯುತ್ತಾನೆ ಎಂಬುದೇ ನನ್ನನ್ನು ಸುಡುತ್ತಿತ್ತು. ಒಬ್ಬ ಕೂತವನು ಎದ್ದು ನಿಲ್ಲುವ ಚಿತ್ರವಿದ್ದರೆ, ನಾನಾದರೆ ಅವನು ಪೂರ್ತಿ ನಿಂತ ಮೇಲೆ ಕತ್ತರಿಸುತ್ತಿದ್ದೆ. ಅವನು, ಕೈ ಮೊಣಕಾಲಿಗೆ ಊರಿದ ಕೂಡಲೇ ಕತ್ತರಿಸಿ ಮುಂದಿನದಕ್ಕೆ ಹೋಗುತ್ತಿದ್ದ. ತೆರೆಯ ಮೇಲೆ ನೋಡಿದರೆ ಆ ಮನುಷ್ಯ ಎದ್ದೇ ಇರುತ್ತಿದ್ದ. ಹೇಗೆ ಎಂದು ಕೇಳಬಾರದು ಎಂದು ನಾಲ್ಕು ದಿನ ತಡೆದುಕೊಂಡಿದ್ದೆ. ಐದನೆಯ ದಿನ ಕೇಳಿಯೇಬಿಟ್ಟೆ.

“ಮಂದಿ ತಿರುಗೂದಕ್ಕ ಮದ್ಲ ಮುಂದಿನ ಕುರಿದು ಕಿವಿ ತಿರುಗತೈತ್ರಿ,” ಎಂದ. “ಕುರುಬ ಕಿವಿ ನೋಡಿ ಎದ್ದು ನಿಂತಿರಬೇಕು. ಮಂದಿ ತಿರುಗಿದ ಮ್ಯಾಲ ಎದ್ರ ಅಂವ ಕುರುಬ ಅಲ್ಲ, ಸುಮ್ಮ ಬೆನ್ನ ಹತ್ತಿ ಓಡಾಂವ. ಇದರಾಗೂ ಎಲ್ಲಾಕೂ ಒಂದ ಕಿವಿ ಇರತೈತಿ. ಅದು ತಿರುಗಿತೋ, ಕತ್ತರಿ ಹಾಕೂದು.”

ಹೇಳಿದ ಮೇಲೆ ಎಷ್ಟು ಸುಲಭ ಅನ್ನಿಸಿತು. ಕೋಣೆಯಲ್ಲಿ ಒಬ್ಬನೇ ಇದ್ದಾಗ ಬೇಡದ ತುಂಡೊಂದನ್ನು ಹಿಡಿದು ನಾನೂ ಆ ಕಿವಿ ಹುಡುಕಿದೆ. ನನಗೆ ಬರೀ ಪಟ್ಟಿ ಕಂಡಿತು.

ಇನ್ನೊಂದು ದಿನ ಅವನ ತಾಯಿ ನೂಲು ಎಳೆಯುವ ಚಿತ್ರದ ಬಾಲಕ್ಕೆ, ಮಗ್ಗದಲ್ಲಿ ನೂಲು ಜಗ್ಗುವ ಚಿತ್ರ ಅಂಟಿಸಿದ. ಹಿಂಜಿದ್ದು, ಗಂಜಿ ಬಳಿದದ್ದು ಎಲ್ಲಾ ಮೊದಲೇ ಬಂದುಹೋಗಿತ್ತು. ತೆರೆಯ ಮೇಲೆ, ಆ ತಾಯಿಯ ಕೈಯಿಂದ ಹೊರಟ ಎಳೆ ಸೀದಾ ಹೋಗಿ ಮಗ್ಗದೊಳಗೆ ಕೂತ ಹಾಗೆ ಕಂಡಿತು. ಸರ್ ಕುರ್ಚಿಯಿಂದ ಎದ್ದುಬಿಟ್ಟರು. ನಾನು, ಇದು ಸುಳ್ಳು, ಆ ಮಗ್ಗ ಹನ್ನೆರಡು ಮೈಲಿ ಆಚೆ ಇದೆ ಎಂದೆ.

“ಸುಳ್ಳಲ್ರಿ ಸಾವ್ಕಾರ್ರ,” ಎಂದ. “ನೂಲು ಹೋಗಿದ್ದು ಅಲ್ಲಿಗೇ. ನಡುವಿನ ದಾರಿ ಬಿಟ್ಟೀನಿ, ಅಷ್ಟ.”

ಈ ಮಾತನ್ನು ಸರ್ ಆ ವಾರವಿಡೀ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದರು. ಅವನಿಗೆ ಅದು ದೊಡ್ಡ ಮಾತು ಎಂದು ಗೊತ್ತೇ ಇರಲಿಲ್ಲ. ಹೇಳಿ, ಅಂಟು ಆರುವವರೆಗೆ ತುಂಡನ್ನು ಬೆರಳಲ್ಲಿ ಒತ್ತಿ ಹಿಡಿದು ಮೂರು, ನಾಲ್ಕು, ಐದು ಎಂದು ಎಣಿಸುತ್ತಿದ್ದ. ನಾನು ಮಾತ್ರ ಅದನ್ನು ನನ್ನ ಕೋಣೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದು ಆ ಹಾಳೆಯನ್ನು ಹರಿದೆ.

ಅವರಪ್ಪನ ಚಿತ್ರ, ನೆರಳು ಬಿದ್ದದ್ದು, ಅದನ್ನೂ ಅವನು ಸೇರಿಸಿದ್ದ. ಮೇಯುತ್ತಿದ್ದ ಒಂದು ಕುರಿಯ ಕಿವಿ ತಿರುಗುತ್ತದೆ. ಕೂಡಲೇ ಅಪ್ಪ, ಹೆಗಲಿಗೆ ಕಂಬಳಿ ಹಾಕಿ ದೂರ ನೋಡುತ್ತಿದ್ದವರು, ಈ ಕಡೆ ತಿರುಗುತ್ತಾರೆ. ಬಾಯಿ ಇನ್ನೇನು ನಗಬೇಕು, ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಖಾಲಿ ಅಡವಿ, ಧೂಳು. ಅಪ್ಪ ಕಾಣುವುದು ಐದು ಸೆಕೆಂಡು. ಇಡೀ ಸಿನಿಮಾದಲ್ಲಿ ನಾನು ತೆಗೆಯದ ಚಿತ್ರ ಅದೊಂದೇ. ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಅದೇ. ತೋರಿಸಿದಾಗ ಸರ್ ರೀಲು ಹಿಂದಕ್ಕೆ ಸುತ್ತಿಸಿ ಅದನ್ನೇ ಎರಡನೆಯ ಸಲ ಹಾಕಿಸಿದರು. ನನ್ನ ಯಾವ ಚಿತ್ರವನ್ನೂ ಎರಡನೆಯ ಸಲ ಹಾಕಿಸಿರಲಿಲ್ಲ.

ವಿಜಾಪುರಕ್ಕೆ ಹೋಗುವ ಹಿಂದಿನ ದಿನ ಹೆಸರಿನ ಹಲಗೆ ತೆಗೆಯಬೇಕಿತ್ತು. ಕರಿಹಲಗೆಯ ಮೇಲೆ ಸರ್ ತಾವೇ ಸುಣ್ಣದ ಕಡ್ಡಿಯಲ್ಲಿ ಬರೆದರು. ಮೇಲೆ ‘ಸಿನಿಮಾ ಮಾಡಿದವರು’ ಎಂದು ಅವನ ಹೆಸರು. ಕೆಳಗೆ ‘ಛಾಯಾಗ್ರಹಣ’ ಎಂದು ನನ್ನ ಹೆಸರು. ನಾನು ನೋಡುತ್ತ ನಿಂತೆ. ಸರ್ ಅದನ್ನು ಗಮನಿಸಿ, ನನ್ನ ಹೆಗಲು ತಟ್ಟಿ, “ಕಾಳು ತಂದವ ನೀನು, ಅಡಿಗಿ ಮಾಡಿದವ ಅಂವ. ಊಟಕ್ಕ ಕರದವರು ಯಾರ ಹೆಸರ ಹೇಳತಾರ?” ಎಂದರು. ಅವರು ನೋಯಿಸಬೇಕೆಂದು ಹೇಳಲಿಲ್ಲ. ಆ ಹಲಗೆಯನ್ನು ನನ್ನ ಕ್ಯಾಮರಾದಿಂದ ನಾನೇ ತೆಗೆಯಬೇಕಾಯಿತು. ತೆಗೆದೆ. ಆದರೆ ಹೊಳೆದದ್ದು ಆಮೇಲೆ: ಆ ತುಂಡು ಮುಂಬೈಗೆ ಹೋಗಿ ಬರುವಷ್ಟು ದಿನ ಉಳಿದಿರಲಿಲ್ಲ. ಮೂವರಿಗೂ ಅದು ನೆನಪಾಗಿರಲಿಲ್ಲ. ಸರ್ ನಕ್ಕು, ಹೆಸರನ್ನು ಬಾಯಲ್ಲಿ ಹೇಳಿದರಾಯಿತು ಎಂದರು. ಯಾವ ಹೆಸರನ್ನು ಮೊದಲು ಹೇಳುತ್ತಾರೆ ಎಂದು ನನಗೆ ಗೊತ್ತಿತ್ತು.

ಆ ಮಧ್ಯಾಹ್ನ ಅವನು ಪ್ರದರ್ಶನದಲ್ಲಿ ಇಡಲು ಕಂಬಳಿ ತರುತ್ತೇನೆಂದು ಊರಿಗೆ ಹೋದ. ಕೀಲಿಕೈ ನನ್ನ ಹತ್ತಿರ ಕೊಟ್ಟು ಹೋದ. ಹೊರಗೆ ಹುಡುಗರು ವಾಲಿಬಾಲ್ ಆಡುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ಕಿಟಕಿಯ ಬಳಿ ಕೂತು ರೀಲು ಬಿಚ್ಚಿದೆ, ಅವರಪ್ಪನ ತುಂಡು ಹುಡುಕಿದೆ, ಎರಡೂ ಕಡೆ ಕತ್ತರಿಸಿದೆ. ಕುರಿಯ ಕಿವಿಗೆ ಖಾಲಿ ಅಡವಿಯನ್ನು ಅಂಟಿಸಿದೆ. ತೆಗೆದ ತುಂಡನ್ನು ಸುರುಳಿ ಸುತ್ತಿ ಹಲ್ಲುಪುಡಿಯ ಖಾಲಿ ಡಬ್ಬಿಯಲ್ಲಿ ಹಾಕಿ ನನ್ನ ಕೋಣೆಯ ಟ್ರಂಕಿನ ತಳಕ್ಕಿಟ್ಟೆ. ಕೈ ನಡುಗಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಅವನ ಸಿನಿಮಾ ಅಲ್ಲಿ ಎಡವಿ ಬೀಳಬೇಕು, ನೋಡಿದವರು ಇದೇನು ಎನ್ನಬೇಕು, ನನಗೆ ಬೇಕಾಗಿದ್ದು ಅಷ್ಟೇ.

ವಿಜಾಪುರದಲ್ಲಿ ಒಂದು ಹಾಲಿನ ಕಿಟಕಿಗಳಿಗೆ ಜಮಖಾನೆ ಕಟ್ಟಿ, ಗೋಡೆಗೆ ಬಿಳಿ ಚಾದರ ಹೊಡೆದು ತೋರಿಸಿದರು. ಅವನು ಪ್ರೊಜೆಕ್ಟರಿನ ಪಕ್ಕ, ನಾನು ಬಾಗಿಲ ಹತ್ತಿರ. ಕುರಿ ಮೇಯಿತು. ಕಿವಿ ತಿರುಗಿತು. ಯಾರೂ ಇಲ್ಲದ ಅಡವಿ ಬಂತು, ಧೂಳು ಎದ್ದಿತು.

ಸಿನಿಮಾ ಎಡವಲಿಲ್ಲ. ಹಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡ ಸದ್ದು ಕೇಳಿತು. ಕುರಿ ಯಾರನ್ನೋ ಕೇಳಿಸಿಕೊಂಡಿತು, ಆದರೆ ಅಲ್ಲಿ ಯಾರೂ ಇರಲಿಲ್ಲ. ಮುಂದೆ ನೂಲು, ಮಗ್ಗ, ಕಂಬಳಿ ಎಲ್ಲವನ್ನೂ ಜನ ಆ ಇಲ್ಲದ ಒಬ್ಬನಿಗಾಗಿ ನೆಯ್ದದ್ದು ಎಂಬ ಹಾಗೆ ನೋಡಿದರು. ಮುಗಿದ ಮೇಲೆ ಚಪ್ಪಾಳೆ ಬಂತು. ಬಂದದ್ದು ನಿಲ್ಲಲಿಲ್ಲ.

ಅವನು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಕಡೆ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಏನು ಹೇಳಬೇಕೆಂದು ಹಿಂದಿನ ದಿನವೇ ಯೋಚಿಸಿದ್ದೆ, ಅದನ್ನೇ ಹೇಳಿದೆ: ನೆರಳು ಬಿದ್ದಿತ್ತು, ಅದಕ್ಕೆ ತೆಗೆದೆ.

ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ಒದ್ದೆಯಾಗಿತ್ತು.

“ನನ್ನ ಕೈಲೆ ಆಗತಿದ್ದಿಲ್ಲ,” ಎಂದ. “ನಮ್ಮಪ್ಪ ಅಂತ ಇಟ್ಟಿದ್ನಿ, ಸಿನಿಮಾಕ್ಕ ಬೇಕಂತ ಅಲ್ಲ. ನೀ ತೆಗೆದದ್ದು ಖರೇನ ಛಲೋ ಆತು. ನೀ ನನಕಿಂತ ದೊಡ್ಡಾಂವ ಅದಿ.”

ಅವನು ನನಗೆ ನೀ ಎಂದದ್ದು ಅದೇ ಮೊದಲು. ಅಲ್ಲಿಂದ ಮುಂದೆ ಸಾವ್ಕಾರ್ರ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಆ ತುಂಡು ಎಲ್ಲಿದೆ ಎಂದು ಮೆಲ್ಲಗೆ ಕೇಳಿದ. ಕಸದಲ್ಲಿ ಹೋಯಿತು ಎಂದೆ. ಯಾಕೆ ಹಾಗೆ ಹೇಳಿದೆನೋ, ಆ ಕ್ಷಣ ಬಾಯಿಗೆ ಬಂದದ್ದು ಅದು. ಹೋಗಲಿ ಬಿಡು ಎಂದು ಅವನು ಚಾದರ ಬಿಚ್ಚಲು ಹೋದ.

ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕತ್ತರಿ ಕೆಲಸ ಅದು. ಅದನ್ನು ಮಾಡಿದ್ದು ಹೊಟ್ಟೆಕಿಚ್ಚಿನಿಂದ. ಅದರ ಹೊಗಳಿಕೆಯೂ ಅವನ ಬಾಯಿಂದಲೇ ಬಂತು. ಆಮೇಲೆ ನನಗೆ ಅವನ ಕೈಚಳಕದ ಮೇಲೆ ಮಾತ್ರವಲ್ಲ, ಅವನ ಮನಸ್ಸಿನ ಮೇಲೂ ಹೊಟ್ಟೆ ಉರಿಯಿತು. ನಾನಾಗಿದ್ದರೆ ಹಾಗೆ ಕೈ ಹಿಡಿಯುತ್ತಿರಲಿಲ್ಲ.

ಆ ಸಿನಿಮಾವನ್ನು ಇನ್ನೊಂದು ಪ್ರದರ್ಶನಕ್ಕೆಂದು ಯಾರೋ ಒಯ್ದರು, ಮರಳಿ ಬರಲಿಲ್ಲ. ಅವನು ಮುದ್ದೇಬಿಹಾಳದಲ್ಲಿ ಮಾಸ್ತರನಾದ. ನಾನು ಸ್ಟುಡಿಯೋ ಇಟ್ಟೆ. ಮದುವೆ, ಪಾಸ್‌ಪೋರ್ಟು, ಹಾಲ್ ಟಿಕೆಟ್ಟು. ಮುಖದ ಮೇಲಿನ ನೆರಳು ತೆಗೆಯುವುದೇ ನನ್ನ ಉದ್ಯೋಗ. ಹೋದ ವರ್ಷ ಅವನು ಯಾವುದೋ ಅರ್ಜಿಗೆ ಫೋಟೋ ಬೇಕೆಂದು ಬಸ್ಸು ಹಿಡಿದು ನನ್ನಲ್ಲಿಗೇ ಬಂದ. ಮುದ್ದೇಬಿಹಾಳದಲ್ಲಿ ಸ್ಟುಡಿಯೋ ಇಲ್ಲವೇ ಎಂದರೆ, “ನೀ ತೆಗೀಬೇಕು” ಎಂದ. ಅವತ್ತು ಹೇಳಬಹುದಿತ್ತು. ಡಬ್ಬಿ ಮೇಲಿನ ಅಟ್ಟದಲ್ಲೇ ಇತ್ತು. ಸ್ವಲ್ಪ ಗದ್ದ ಮೇಲೆತ್ತು ಎಂದೆ, ಗುಂಡಿ ಒತ್ತಿದೆ.

ಹಾರ ಹಾಕುವ ಫೋಟೋ ತೆಗೆದುಕೊಂಡು ನಾನೇ ಮುದ್ದೇಬಿಹಾಳಕ್ಕೆ ಹೋದೆ. ಶೋಕಸಭೆಗೆ ಶಾಲೆಯ ಅಂಗಳದಲ್ಲಿ ಹುಡುಗರು ಸಾಲಾಗಿ ಕೂತಿದ್ದರು. ಅವನು ಪ್ರಬಂಧ ತಿದ್ದುವಾಗ ಮೊದಲನೆಯ ಸಾಲನ್ನು ಓದುವ ಮೊದಲೇ ಹೊಡೆದುಹಾಕುತ್ತಿದ್ದನಂತೆ. ಬಾಗಿಲು ತೆಗೆದು ಒಳಗೆ ಬಂದದ್ದನ್ನು ಬರೆಯಬೇಡ, ಒಳಗೆ ಇದ್ದೇನೆ ಎಂದು ಬರೆ ಎನ್ನುತ್ತಿದ್ದನಂತೆ. ಒಬ್ಬ ಮಾಸ್ತರು ಇದನ್ನು ಹೇಳಿದಾಗ ಹುಡುಗರು ನಕ್ಕರು, ನಕ್ಕವರೇ ಅತ್ತರು. ಕೊನೆಗೆ ಹತ್ತನೆಯ ಇಯತ್ತೆಯ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್ ಪ್ರತಿ ವರ್ಷ ಒಂದ ಮಾತ ಹೇಳತಿದ್ರರೀ,” ಎಂದಳು. “ಬಾಗೇವಾಡಿಯ ನನ್ನ ದೋಸ್ತ ನಮ್ಮಪ್ಪನ ಚಿತ್ರಾನ ಕತ್ತರಿಸಿ ತೆಗೆದು ನನಗ ಪಾಠ ಕಲಿಸಿದ. ನಿಮಗ ಭಾಳ ಬೇಕಾದ ಸಾಲು ಯಾವುದೈತಿ, ಅದನ್ನ ಮದ್ಲ ತೆಗೆದು ನೋಡ್ರಿ ಅಂತ.”

ಎಲ್ಲರೂ ನನ್ನ ಕಡೆ ತಿರುಗಿದರು. ಗೌರವದಿಂದ. ಆ ಹೊತ್ತಿಗೂ, ಇಷ್ಟು ವರ್ಷ ಇಷ್ಟು ಮಕ್ಕಳು ಅವನ ಮಾತನ್ನು ಬಾಯಿಪಾಠ ಮಾಡಿದ್ದಾರಲ್ಲ ಎಂದು ನನ್ನೊಳಗೆ ಚುರ್ ಎಂದಿತು. ಮರುಗಳಿಗೆ, ಅವರು ಬಾಯಿಪಾಠ ಮಾಡಿದ್ದು ನನ್ನ ಸುಳ್ಳನ್ನು ಎಂದು ನೆನಪಾಯಿತು. ಮಾತಾಡಲು ಕರೆದರು. ಕೈಮುಗಿದು ಕೂತೆ.

ಮೂರು ದಿನ ಬಿಟ್ಟು ಅವನ ಹಳ್ಳಿಗೆ ಹೋದೆ. ಅವರಪ್ಪ ಇದ್ದಾರೆ; ನಾನು ಅವರನ್ನು ಕಾಕಾ ಎನ್ನುತ್ತೇನೆ. ಹಲ್ಲುಪುಡಿಯ ಡಬ್ಬಿ, ಭೂತಗಾಜು ಎರಡನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಕೊಡಬೇಕೆಂದೇ ಇಟ್ಟುಕೊಂಡೆ ಎಂದು ಹೇಳಲಾರೆ. ಇಂಡಿಯವರೆಗೆ ಒಂದು ಬಸ್ಸು, ತಾಂಬಾದವರೆಗೆ ಇನ್ನೊಂದು, ಮುಂದೆ ನಡಿಗೆ. ದಾರಿಯುದ್ದಕ್ಕೂ ಅದು ತೊಡೆಗೆ ಒತ್ತುತ್ತಿತ್ತು.

ಕಾಕಾ ಮನೆಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕಾಲು ಚಾಚಿ ಕೂತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಧ್ವನಿಯ ಮೇಲೆ ಗುರುತು ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು. ನೀರು ಕೊಟ್ಟರು. ಆಮೇಲೆ ಅವರೇ ಕೇಳಿದರು.

“ಆ ಸಿನಿಮಾದಾಗ ನಾನೂ ಇದ್ನಂತ. ನೀ ಕತ್ತರಿಸಿ ತೆಗೆದಿಯಂತ. ಅಂವ ಯಾವಾಗ್ಲೂ ಹೇಳಾಂವ. ಯಾಕ ತೆಗೆದಿ ತಮ್ಮಾ? ನಾ ಚಂದ ಕಾಣತಿದ್ದಿಲ್ಲೇನು?”

“ನೆರಳು ಬಿದ್ದಿತ್ತು, ಕಾಕಾ.”

“ಯಾರ ನೆರಳು?”

ಆ ಕಾರಣವನ್ನು ಸರ್‌ಗೆ ಹೇಳಿದ್ದೆ, ಅವನಿಗೆ ಹೇಳಿದ್ದೆ, ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ.

“ಅವಂದು,” ಎಂದೆ.

ಕಾಕಾ ಮುಖವನ್ನು ನನ್ನ ಕಡೆ ತಿರುಗಿಸಿದರು. ಆಗ ಎಲ್ಲವನ್ನೂ ಹೇಳಿದೆ. ಅದು ಕಸದಲ್ಲಿ ಹೋಗಿಲ್ಲ, ನನ್ನ ಕಡೆಯೇ ಇದೆ, ನೆರಳಿಗಾಗಿ ತೆಗೆದದ್ದೂ ಅಲ್ಲ, ಅವನ ಹಾಗೆ ನನಗೆ ಬರುತ್ತಿರಲಿಲ್ಲ, ಅದಕ್ಕೆ ತೆಗೆದೆ ಎಂದೆ. ಅವರು ಬಯ್ಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಕೈ ಚಾಚಿದರು. ಡಬ್ಬಿಯಿಂದ ಸುರುಳಿಯನ್ನು ತೆಗೆದು ಅವರ ಅಂಗೈಗೆ ಇಟ್ಟೆ. ಬೆರಳಿನಿಂದ ಅದರ ಉದ್ದವನ್ನು ಸವರಿದರು, ಅಂಚಿನ ತೂತುಗಳನ್ನು ಮುಟ್ಟಿದರು, ಮೂಸಿ ನೋಡಿದರು. ಮತ್ತೆ ನನಗೆ ಕೊಟ್ಟರು.

“ನನ್ನ ಕಣ್ಣಿಗೆ ಹತ್ತಂಗಿಲ್ಲ. ನೀ ನೋಡಿ ಹೇಳು.”

ಎದ್ದು ನಿಂತು, ಅವನು ಹಿಡಿಯುತ್ತಿದ್ದ ಹಾಗೆ ಬಿಸಿಲಿಗೆ ಹಿಡಿದೆ, ಒಂದು ಕಣ್ಣು ಮುಚ್ಚಿ ಗಾಜಿನಲ್ಲಿ ನೋಡಿದೆ. ಒಟ್ಟು ಎಪ್ಪತ್ತೊಂಬತ್ತು ಚಿತ್ರ. ಒಂದೊಂದಾಗಿ ಹೇಳಿದೆ. ನೀವು ಆ ಕಡೆ ದಿಟ್ಟಿಸಿ ನೋಡಾಕತ್ತೀರಿ. ಹೆಗಲ ಮ್ಯಾಲ ಕಂಬಳಿ ಐತಿ. ಈಗ ಕುತ್ತಿಗಿ ತಿರುಗೇತಿ. ಈಗ ಮುಖ ಕಾಣಾಕತ್ತೇತಿ.

“ನಕ್ಕೀನೇನು?”

“ಇಲ್ಲ. ನಗಾಕ ಹೊಂಟೀರಿ. ಅಷ್ಟರಾಗ ಮುಗೀತು.”

“ಅಂವ?”

ಗಾಜನ್ನು ಕೆಳಕ್ಕೆ ಸರಿಸಿದೆ. ನಾನು ದಂಡವಾಯಿತು ಎಂದು ಕೂಗಾಡಿದ್ದ ಮೂಲೆ ಅದು.

“ನೆಲದ ಮ್ಯಾಲ ಅದಾನ. ಉದ್ದಕ. ಮೊಣಕೈ ಎತ್ತಿ ಕ್ಯಾಮರಾ ಹಿಡದಾನ, ಅದೂ ಕಾಣತೈತಿ. ತಲಿ ನಿಮ್ಮ ಪಾದಕ್ಕ ಬಂದು ಮುಟ್ಟೇತಿ, ಕಾಕಾ.”

ಕಾಕಾ ಚಾಚಿದ್ದ ತಮ್ಮ ಕಾಲುಗಳ ಕಡೆ ಬಗ್ಗಿ ನೋಡಿದರು. ಒಂದು ಕೈ ಚಾಚಿ ಪಾದದ ಮುಂದಿನ ಕಂಬಳಿಯನ್ನು ಸವರಿದರು.

“ಇನ್ನೊಮ್ಮೆ ಮೊದಲಿಂದ ಹೇಳು ತಮ್ಮಾ,” ಎಂದರು. “ಸಾವಕಾಶ ಹೇಳು. ನಡುವ ಏನೂ ಬಿಡಬ್ಯಾಡ.”